ಹೆಸರು ನುಂಗುವ ತಂತಿ

ಅಗ್ವಾಡಾ ಲಾರ್ಗಾದ ಆಸ್ಪತ್ರೆ ಬಾಗಿಲಿಗೆ ಆ ಬುಧವಾರ ಮಧ್ಯಾಹ್ನದೊಳಗೆ ನಾಲ್ವರು ಗಂಡಸರು ಬಂದು ನಿಂತರು. ಒಬ್ಬ ಕುದುರೆಯ ಮೇಲೆ ಬಂದಿದ್ದ. ಇಬ್ಬರು ಒಂದೇ ಪಿಕಪ್ಪಿನಲ್ಲಿ, ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದೆ ಬಂದಿದ್ದರು. ನಾಲ್ಕನೆಯವನನ್ನು ಉಣ್ಣೆ ಸಾಗಿಸುವ ಲಾರಿಯವನು ಇಳಿಸಿ ಹೋಗಿದ್ದ. ಎಲ್ಲರ ಮೀಸೆಯ ಮೇಲೂ ರಸ್ತೆಯ ಧೂಳು, ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮಮ್ಮ ಎಲ್ಲಿ? ಉಸಿರಾಡ್ತಿದ್ದಾಳಾ?"

ನರ್ಸ್ ತಬ್ಬಿಬ್ಬಾದಳು. ಉಸಿರಾಟದ ತೊಂದರೆಯಿಂದ ಒಳಗೆ ಮಲಗಿದ್ದವಳು ಒಬ್ಬಳೇ ಮುದುಕಿ, ದೋನ್ಯಾ ಸೆಲೆಡೋನಿಯಾ ವೆಂಚುಲ್. ದೋನ್ಯಾ ಎಂದರೆ ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು. ಏನು ಮಾಡಲೂ ತೋಚದೆ ನರ್ಸ್ ನಾಲ್ವರನ್ನೂ ಸಾಲಾಗಿ ಒಳಗೆ ಬಿಟ್ಟಳು. ಮುದುಕಿ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿದಳು.

"ಇವ್ರಲ್ಲಿ ಒಬ್ನೂ ನಾನು ಹೆತ್ತವನಲ್ಲ," ಅಂದಳು. ಮತ್ತೆ ಉಸಿರು ಎಳೆದುಕೊಂಡು, "ಆ ಕೊನೇಲಿ ನಿಂತಿರೋನು ಪರವಾಗಿಲ್ಲ. ಬೇಕಾದ್ರೆ ಇಟ್ಕೋತೀನಿ," ಅಂದಳು.

ಊರು ಒಂದು ದಿನ ನಕ್ಕಿತು. ಅವಳ ಸ್ವಂತ ಮಗ ಎವಾರಿಸ್ತೊ ಮಾತ್ರ ಆ ದಿನ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆಮೇಲೆ ನಗುವವರು ಕಡಿಮೆಯಾದರು.

ಆ ಎತ್ತರದ ಬಯಲಿನಲ್ಲಿ ಊರು ದಾಟಿದರೆ ಮೊಬೈಲು ಹಿಡಿಯುವುದಿಲ್ಲ. ಕುರಿಹಟ್ಟಿಗಳು ಒಂದರಿಂದೊಂದು ನಡೆದರೆ ಅರ್ಧ ದಿನದ ದಾರಿ. ಅಲ್ಲಿರುವವರಿಗೆ ಹುಟ್ಟು, ಸಾವು, ಔಷಧಿ, ಲಾರಿ ಯಾವಾಗ ಬರುತ್ತದೆ ಎಂಬ ವಿಷಯ, ಎಲ್ಲವೂ ಬೆಳಗಿನ ರೇಡಿಯೊದಲ್ಲೇ ತಲುಪಬೇಕು. ಊರಿನ ಪುಟ್ಟ ನಿಲಯದಲ್ಲಿ ಆ ಸಂದೇಶಗಳನ್ನು ಓದುತ್ತಿದ್ದವಳು ದೋನ್ಯಾ ಒಲಿಂಡಾ ಪ್ರಿಚರ್ಡ್. ಮೂವತ್ತು ವರ್ಷಗಳಿಂದ ಅವಳದ್ದೇ ದನಿ. ಓದುವಾಗ ಹಿನ್ನೆಲೆಯಲ್ಲಿ ಹಾಡು ಹಾಕುತ್ತಿರಲಿಲ್ಲ. ಒಂದು ಸಂದೇಶ ಮುಗಿದ ಮೇಲೆ ಸುಮ್ಮನಾಗುತ್ತಿದ್ದಳು. ಹೊಸಬರಿಗೆ ರೇಡಿಯೊ ಕೆಟ್ಟಿತೇನೋ ಅನ್ನಿಸುವಷ್ಟು ಹೊತ್ತು ಸುಮ್ಮನಾಗಿ, ಆಮೇಲೆ ಹೆಸರು, ಹಟ್ಟಿ, ವಿಷಯ ಹೇಳುತ್ತಿದ್ದಳು. ಮತ್ತೆ ಅಷ್ಟೇ ಹೊತ್ತು ಸುಮ್ಮನಿದ್ದು ಅದನ್ನೇ ಎರಡನೇ ಸಲ ಓದುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಹೆಸರುಗಳು ಅಲ್ಲಲ್ಲಿ ಕಾಣೆಯಾಗತೊಡಗಿದ್ದವು. ಉದ್ದ ಹೆಸರಾದರೆ ಬಾಲವಾದರೂ ಕೇಳಿಸುತ್ತಿತ್ತು. ಅಂತಿಲೆಫ್ ಎಂಬವರು ‘ಲೆಫ್’ ಆದರು. ಸಣ್ಣ ಹೆಸರಾದರೆ ಪೂರ್ತಿ ಗುಳುಂ. ಒಲಿಂಡಾ ಅದೇ ತಿಂಗಳು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಳು. ಹಾಗಾಗಿ ಕಾರಣ ಹುಡುಕಲು ಯಾರೂ ದೂರ ಹೋಗಲಿಲ್ಲ. "ದೋನ್ಯಾ ಒಲಿಂಡಾಳ ಹಲ್ಲು ಹೆಸರು ತಿಂತಾ ಇದೆ," ಎಂದು ಮಾಂಸದಂಗಡಿಯಲ್ಲಿ ಆಡಿಕೊಂಡರು.

ನಿಲಯ ನೋಡಿಕೊಳ್ಳುತ್ತಿದ್ದ ಗ್ರಾಸಿಯೆಲಾ, ಮೈಕು ಸರಿಯಿದೆಯೋ ನೋಡು ಎಂದು ಎಲ್ವಿಯೊನನ್ನು ಕರೆಸಿದಳು. ಎಲ್ವಿಯೊ ನವುಯೆಲ್ಕಿರ್ ಆ ಊರಿನ ಎಲ್ಲ ಯಂತ್ರಗಳ ವೈದ್ಯ. ಮಾಂಸದಂಗಡಿಯ ಫ್ರೀಜರಿನಿಂದ ಹಿಡಿದು ಶಾಲೆಯ ಕಂಪ್ಯೂಟರುಗಳ ತನಕ ಅವನೇ. ಹೆಚ್ಚು ಮಾತಿನವನಲ್ಲ. ಕೆಲಸ ಮಾಡುವಾಗ ಮಾತ್ರ ಯಂತ್ರದ ಜೊತೆ ಗೊಣಗುತ್ತಿದ್ದ.

ಅವನು ಮೈಕನ್ನು ಬಿಚ್ಚಿ ಕೂತಿದ್ದಾಗಲೇ ಎವಾರಿಸ್ತೊ ವೆಂಚುಲ್ ನಿಲಯದ ಬಾಗಿಲಲ್ಲಿ ಕಾಣಿಸಿಕೊಂಡ. ಶುಕ್ರವಾರದ ಬೆಳಗ್ಗೆ. ಟೋಪಿ ಕೈಯಲ್ಲಿ. ಹಟ್ಟಿಗೆ ಯಾರೋ ಸುದ್ದಿ ಮುಟ್ಟಿಸಿದ ಮೇಲೆ ಆಸ್ಪತ್ರೆಗೆ ಬಂದವನು ಅಲ್ಲಿಂದ ನೇರ ಬಂದಿದ್ದ. ಅಮ್ಮ ಚೇತರಿಸಿಕೊಂಡಿದ್ದಳು, ಸೂಪು ಕುಡಿದು ಅವನನ್ನು ಬೈಯುವಷ್ಟು.

"ಜಗಳಕ್ಕೆ ಬಂದಿಲ್ಲ ದೋನ್ಯಾ ಒಲಿಂಡಾ," ಅಂದ. "ನಾನು ರೇಡಿಯೊ ಕೇಳ್ತಾನೇ ಇದ್ದೆ. ಅಮ್ಮಂಗೆ ಉಸಿರು ಕಟ್ತಿದೆ, ಬೇಗ ಬಾ ಅಂತ ನೀವು ಓದಿದ್ದು ಕೇಳಿಸ್ತು. ಎರಡು ಸಲನೂ ಕೇಳಿಸ್ತು. ಪಾಪ, ಯಾರ ಮನೇದೋ ಅಂದ್ಕೊಂಡು ಕುರಿ ಹೊಡ್ಕೊಂಡು ಹೋದೆ."

ಒಲಿಂಡಾ ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿದಳು.

"ಆಸ್ಪತ್ರೆಯವ್ರು ಹಟ್ಟಿ ಬರೆದಿರಲಿಲ್ಲ. ಆದ್ರೆ ನಿನ್ನ ಹೆಸರು ಓದಿದ್ದೆ ಕಣಪ್ಪಾ," ಅಂದಳು. "ನನ್ನ ಕಿವಿಗೇ ಕೇಳಿಸ್ತು."

"ಓದಿರ್ತೀರಿ. ನಂಗೆ ಬರಲಿಲ್ಲ, ಅಷ್ಟೆ."

ಅವನು ಹೋದ ಮೇಲೆ ಗ್ರಾಸಿಯೆಲಾ ಕುರ್ಚಿ ಎಳೆದುಕೊಂಡು ಒಲಿಂಡಾಳ ಪಕ್ಕ ಕೂತಳು. ಕೆಟ್ಟವಳಲ್ಲ ಅವಳು. ಹೊಸ ಕಂಪ್ಯೂಟರಿಗಾಗಿ ಎರಡು ವರ್ಷ ಅಲೆದು, ಕೊನೆಗೆ ಬೇಸಿಗೆಯಲ್ಲಿ ತರಿಸಿದ್ದಳು. ಆದರೆ ನಾಲ್ವರು ಬಂದ ಗೊಂದಲಕ್ಕೆ ಆಸ್ಪತ್ರೆಯವರು ಅವಳಿಗೆ ಫೋನು ಮಾಡಿ ದೂರಿದ್ದರು.

"ಹಿಂದೆ ಸಣ್ಣಗೆ ಗಿಟಾರ್ ಹಾಕೋಣ. ಬೇರೆ ಕಾರ್ಯಕ್ರಮದವರೆಲ್ಲ ಹಾಗೇ ಓದೋದು. ಅವ್ರ ಬಗ್ಗೆ ಯಾರೂ ದೂರು ಹೇಳ್ತಿಲ್ಲ. ಅಲ್ಲಲ್ಲಿ ಒಂದೊಂದು ಅಕ್ಷರ ತಪ್ಪಿದ್ರೂ ಮುಚ್ಚಿಹೋಗುತ್ತೆ."

"ನಾನು ತಪ್ತೀನಿ ಅಂತಾನಾ?"

"ಹಾಗಂದ್ನಾ ನಾನು?"

"ಹಾಗಂದ ಹಾಗೇ ಇತ್ತು," ಅಂದಳು ಒಲಿಂಡಾ. ಆದರೆ ವಾದಿಸಲಿಲ್ಲ. ಎಲ್ವಿಯೊನಿಗೆ ಅದೇ ವಿಚಿತ್ರವಾಗಿ ಕಂಡಿತು. ಯಾರಾದರೂ ಗಾಳಿ ಜೋರು ಎಂದರೆ ಇದೂ ಒಂದು ಗಾಳಿಯಾ ಎಂದು ವಾದಕ್ಕೆ ನಿಲ್ಲುವ ಹೆಂಗಸು ಅವಳು.

ಎಲ್ವಿಯೊ ಮೈಕನ್ನು ಜೋಡಿಸಿದ. ಅದರಲ್ಲಿ ದೋಷವಿರಲಿಲ್ಲ. ಮೈಕಿನ ಮುಂದೆ ಕೂತು ಒಂದು ಎರಡು ಮೂರು ಎಂದು ಎಣಿಸಿದ, ಸಿಳ್ಳೆ ಹಾಕಿದ, ಹಾಡು ಹಚ್ಚಿದ. ಪಕ್ಕದ ಕೋಣೆಯ ರೇಡಿಯೊದಲ್ಲಿ ಎಲ್ಲವೂ ಚೊಕ್ಕವಾಗಿ ಬಂತು. ಯಂತ್ರ ಸರಿಯಿದೆ ಎಂದ. ಹೇಳಿದ ಮೇಲೆ ಒಲಿಂಡಾಳ ಮುಖ ನೋಡಿ, ಹೇಳಬಾರದಿತ್ತೇನೋ ಅನ್ನಿಸಿತು. ಯಂತ್ರ ಸರಿಯಿದ್ದರೆ ಉಳಿದದ್ದು ಅವಳೊಬ್ಬಳೇ.

ಬಾಗಿಲ ತನಕ ಬಂದವಳು ಮೆಲ್ಲಗೆ ಹೇಳಿದಳು: "ನಮ್ಮಕ್ಕನೂ ಹೀಗೇ ಶುರು ಮಾಡಿದ್ಲು ಕಣೋ. ಮೊದಲು ಹೋಗಿದ್ದು ಹೆಸರುಗಳೇ. ಹೇಳಿದೀನಿ ಅಂತಿದ್ಲು, ಹೇಳಿರ್ತಾ ಇರಲಿಲ್ಲ."

ಸೋಮವಾರದಿಂದ ಸಂದೇಶಗಳ ಹಿಂದೆ ಗಿಟಾರ್ ಶುರುವಾಯಿತು. ಒಂದು ಹೆಸರೂ ಕಾಣೆಯಾಗಲಿಲ್ಲ. ಗ್ರಾಸಿಯೆಲಾ ನಿಟ್ಟುಸಿರು ಬಿಟ್ಟಳು. ಹಟ್ಟಿಗಳಿಂದ ಬಂದವರು ಮಾತ್ರ ಗೊಣಗಿದರು. ಹೊರಗೆ ಗಾಳಿ ಬೀಸುವಾಗ ಹಾಡು ಯಾವುದು, ಹೆಸರು ಯಾವುದು ತಿಳಿಯುವುದಿಲ್ಲ, ಮದುವೆ ಮನೆಯಲ್ಲಿ ಸಾವಿನ ಸುದ್ದಿ ಕೇಳಿದ ಹಾಗಾಗುತ್ತದೆ ಎಂದರು. ಒಲಿಂಡಾ ಓದುತ್ತಿದ್ದಳು. ಓದಿ ಎದ್ದು ಮನೆಗೆ ಹೋಗುತ್ತಿದ್ದಳು. ಮೊದಲಿನ ಹಾಗೆ ನಿಂತು ಮಾಟೆ ಕಷಾಯ ಕುಡಿಯುತ್ತಿರಲಿಲ್ಲ.

ಎಲ್ವಿಯೊನ ತಲೆಯಲ್ಲಿ ಒಂದು ಮುಳ್ಳು ಉಳಿದುಕೊಂಡಿತ್ತು. ಫ್ರೀಜರಿನ ಕೆಳಗೆ ಅಂಗಾತ ಮಲಗಿ ಸ್ಕ್ರೂ ತಿರುಗಿಸುವಾಗ ಅದು ಚುಚ್ಚಿತು. ಹಲ್ಲಿನದೇ ತಪ್ಪಾದರೆ ಗಿಟಾರು ಹಲ್ಲನ್ನು ಹೇಗೆ ರಿಪೇರಿ ಮಾಡಿತು? ಮರೆವು ಎಂದರೂ ಅಷ್ಟೆ. ಹಾಡು ಕೇಳಿ ಮರೆವು ವಾಸಿಯಾಗುವುದುಂಟೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಲ್ಲೋ ಇದ್ದ ರೋಗಕ್ಕೆ ಈ ಹೆಂಗಸನ್ನು ಸುಟ್ಟೆವೇನೋ. ಕೈ ಒರೆಸಿಕೊಂಡು ಸೀದಾ ನಿಲಯಕ್ಕೆ ಹೋದ.

"ನಾಳೆ ಒಂದು ದಿನ ಗಿಟಾರ್ ಬೇಡ," ಎಂದು ಗ್ರಾಸಿಯೆಲಾಳನ್ನು ಕೇಳಿದ. "ಮುಖ್ಯವಾದ್ದು ಏನಾದ್ರೂ ಇದ್ರೆ ಮಧ್ಯಾಹ್ನ ಗಿಟಾರ್ ಹಾಕಿ ಇನ್ನೊಂದ್ಸಲ ಓದಿಸಿ."

"ಏನು ಸಿಗುತ್ತೆ ನಿಂಗೆ?"

"ಗೊತ್ತಿಲ್ಲ. ಏನೂ ಸಿಗದಿದ್ರೆ ನಾನೇ ಬಂದು ಗಿಟಾರ್ ಬಾರಿಸ್ತೀನಿ."

ಬೆಳಗ್ಗೆ ಅವನು ಒಳಗೆ ಹೋಗಲಿಲ್ಲ. ಸ್ಟುಡಿಯೋದ ಕಿಟಕಿ ಬೀದಿಗೆ ತೆರೆಯುತ್ತದೆ. ಅದರ ಎದುರಿಗೇ ಪಿಕಪ್ ನಿಲ್ಲಿಸಿ, ಗಾಜು ಏರಿಸಿ, ಗಾಡಿಯ ರೇಡಿಯೊ ಹಾಕಿ ಕೂತ. ಗಾಜಿನಾಚೆ ಒಲಿಂಡಾ ಕಾಣುತ್ತಿದ್ದಳು. ಮೊದಲ ಸಂದೇಶ ಮುಗಿಸಿದಳು. ತಲೆ ತಗ್ಗಿಸಿ ಸುಮ್ಮನಾದಳು. ಗಾಳಿಗೆ ಗಾಡಿ ಸಣ್ಣಗೆ ಅಲುಗಿತು. ಆಮೇಲೆ ಅವಳು ತಲೆ ಎತ್ತಿದಳು, ತುಟಿಗಳು ಅಲುಗಿದವು, ಅಗಲವಾಗಿ, ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಬಾಯಿ ತೆರೆದು. ರೇಡಿಯೊದಲ್ಲಿ ಏನೂ ಇಲ್ಲ. ಮೌನ. ಅವಳ ಬಾಯಿ ಹಟ್ಟಿಯ ಹೆಸರಿಗೆ ಬಂದಾಗ ಕಪ್ಪೆ ನೀರಿಂದ ಮೇಲೆದ್ದ ಹಾಗೆ ದನಿ ಎದ್ದಿತು: "...ಕೆರೆಯ ಹಟ್ಟಿ. ಶನಿವಾರ ಲಾರಿ ಬರುತ್ತೆ, ಚರ್ಮ ಕಟ್ಟಿಡಿ."

ಎರಡನೇ ಸಲವೂ ಹಾಗೇ ಆಯಿತು. ಎಲ್ವಿಯೊ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಯಾರೋ ತನ್ನ ಕಣ್ಣೆದುರಿಗೇ ಆ ಹೆಂಗಸಿನ ಬಾಯಿ ಮುಚ್ಚುತ್ತಿರುವಂತೆ ಕಂಡಿತು ಅವನಿಗೆ.

ಕಾರ್ಯಕ್ರಮ ಮುಗಿದ ಕೂಡಲೇ ಒಳಗೆ ಹೋದ.

"ನೀವು ಹೇಳ್ತಿದೀರಿ ದೋನ್ಯಾ ಒಲಿಂಡಾ. ಹೆಸರು ಹೇಳ್ತಿದೀರಿ. ನಾನು ನಿಮ್ಮ ಬಾಯಿ ನೋಡ್ತಾ ರೇಡಿಯೊ ಕೇಳಿದೆ. ನಿಮ್ಮ ಬಾಯಿಂದ ಹೊರಟಿದ್ದು ದಾರೀಲಿ ಕಳೆದುಹೋಗ್ತಿದೆ."

ಅವಳು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತಳು. "ಇನ್ನೊಂದ್ಸಲ ಹೇಳು," ಅಂದಳು.

ಅವನು ಇನ್ನೊಮ್ಮೆ ಹೇಳಿದ.

ದಾರಿ ಎಂದರೆ ಸ್ಟುಡಿಯೋದ ಕಂಪ್ಯೂಟರಿನಿಂದ ಒಂದು ಕೇಬಲ್ಲು ಗೋಡೆಯ ಮೇಲೆ ದನಿಯನ್ನು ಮುಂದಕ್ಕೆ ದಾಟಿಸುವ ಹಳೆಯ ಪೆಟ್ಟಿಗೆಗೆ, ಅಲ್ಲಿಂದ ಗುಡ್ಡದ ಮೇಲಿನ ಟ್ರಾನ್ಸ್‌ಮಿಟರಿಗೆ. ಹೆಡ್‌ಫೋನಿಗೆ ದನಿ ನೇರವಾಗಿ ಮೈಕಿನಿಂದಲೇ ಬರುತ್ತದೆ. ಅದಕ್ಕೇ ಒಲಿಂಡಾಳ ಕಿವಿಗೆ ಎಲ್ಲವೂ ಸರಿಯಾಗಿ ಕೇಳುತ್ತಿತ್ತು. ಎಲ್ವಿಯೊ ಮೊದಲು ಗುಡ್ಡ ಹತ್ತಿದ. ಮೇಲೆ ನಿಲ್ಲಲಾಗದಷ್ಟು ಗಾಳಿ. ಯಂತ್ರದ ಕೋಣೆಯಲ್ಲಿ ಎಲ್ಲವೂ ಸರಿಯಿತ್ತು. ಇಳಿದು ಬಂದು ಕೇಬಲ್ಲು ಬದಲಾಯಿಸಿದ. ವ್ಯತ್ಯಾಸವಾಗಲಿಲ್ಲ. ಮತ್ತೆ ಒಲಿಂಡಾಳನ್ನು ಕುರ್ಚಿಯಲ್ಲಿ ಕೂರಿಸಿದ.

"ಏನು ಓದ್ಲಿ?"

"ಏನೂ ಬೇಡ. ಸುಮ್ನಿರಿ. ನಾನು ತಪ್ಪು ಮಾಡಿದ್ದು ಅಲ್ಲೇ. ಅವತ್ತು ಬಂದೋನು ಬಡಬಡ ಎಣಿಸ್ತಾನೇ ಇದ್ದೆ. ನಿಮ್ಮ ಹಾಗೆ ಸುಮ್ನಿರಲಿಲ್ಲ."

"ಮೂವತ್ತು ವರ್ಷದಲ್ಲಿ ಈ ಮೈಕಿನ ಮುಂದೆ ಕೂರ್ಸಿ ಬಾಯ್ಮುಚ್ಚು ಅಂದೋನು ನೀನೊಬ್ನೇ," ಎಂದು ಒಲಿಂಡಾ ಕೈಕಟ್ಟಿ ಕೂತಳು.

ಎಲ್ವಿಯೊ ಕಂಪ್ಯೂಟರಿನ ಹಿಂದೆ ಮಂಡಿಯೂರಿ, ಕೇಬಲ್ಲು ಸೇರುವ ತೂತಿನ ಪಕ್ಕದ ಪುಟ್ಟ ಹಸಿರು ದೀಪವನ್ನೇ ನೋಡತೊಡಗಿದ. ದೀಪ ಮಿನುಗುತ್ತಿತ್ತು. ಒಲಿಂಡಾ ಸುಮ್ಮನಿದ್ದಳು. ದೀಪ ಮಿನುಗುವುದು ನಿಂತು ಸ್ಥಿರವಾಯಿತು. ಆಮೇಲೆ ಆರಿತು.

"ಈಗ ಹೆಸರು ಹೇಳಿ."

"ಎವಾರಿಸ್ತೊ ವೆಂಚುಲ್," ಅಂದಳು ಒಲಿಂಡಾ.

ಅವಳು ಪೂರ್ತಿ ಹೇಳಿ ಮುಗಿಸಿದ ಮೇಲೆ ದೀಪ ಹತ್ತಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಎಲ್ವಿಯೊ ಎದ್ದಾಗ ಅವನ ತಲೆ ಮೇಜಿಗೆ ಢಣ್ ಎಂದು ಬಡಿಯಿತು.

ತಲೆ ಉಜ್ಜಿಕೊಳ್ಳುತ್ತಲೇ ವಿವರಿಸಿದ. ಒಲಿಂಡಾ ಸುಮ್ಮನಾದರೆ ಕಂಪ್ಯೂಟರು ಏನನ್ನೂ ಕಳಿಸುವುದಿಲ್ಲ, ಕಳಿಸಲು ಏನಿದೆ? ಹಾಡಿದ್ದರೆ ಬಿಡುವೇ ಇಲ್ಲದೆ ಕಳಿಸುತ್ತಿರುತ್ತದೆ. ಆ ಕೇಬಲ್ಲಿನ ಬಾಗಿಲು ಕಾಯಲು ಕಂಪ್ಯೂಟರಿನೊಳಗೆ ಒಂದು ಸಣ್ಣ ಪ್ರೋಗ್ರಾಮು ಇರುತ್ತದೆ, ಡ್ರೈವರ್ ಎನ್ನುತ್ತಾರೆ. ಹೊಸ ಕಂಪ್ಯೂಟರುಗಳಲ್ಲಿ ಅದಕ್ಕೆ ಕರೆಂಟು ಉಳಿಸುವ ಚಾಳಿ. ಕೆಲಸವಿಲ್ಲ ಅನ್ನಿಸಿದ ಕೂಡಲೇ ಬಾಗಿಲು ಎಳೆದುಕೊಂಡು ಮಲಗುತ್ತದೆ.

"ಮಲಗ್ಲಿ. ಕರೆದ್ರೆ ಏಳ್ಬೇಕಲ್ಲ?"

"ಏಳುತ್ತೆ. ಹೊಸ ಪೆಟ್ಟಿಗೆ ಆಗಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಎದ್ದಿರೋದು. ಗೋಡೆ ಮೇಲಿರೋದು ಹಳೇದು. ಇವನು ಎದ್ದು ಬಂದ್ರೆ ಅದು, ಯಾರಪ್ಪಾ ನೀನು, ಎಲ್ಲಿಂದ ಬಂದೆ ಅಂತ ಮೊದಲಿಂದ ವಿಚಾರಿಸುತ್ತೆ. ಅವರಿಬ್ರೂ ಕೈಕುಲುಕಿ ಮುಗಿಸೋ ಹೊತ್ತಿಗೆ ನಿಮ್ಮ ಹೆಸರು ಹೊರಟುಹೋಗಿರುತ್ತೆ."

ಒಲಿಂಡಾ ಯೋಚಿಸಿದಳು. "ಅಂದ್ರೆ ನನ್ನ ಹಾಗೇ ಸಂದೇಶ ದಾಟಿಸೋ ಕೆಲಸದೋನು. ಡ್ಯೂಟೀಲಿ ನಿದ್ದೆ ಮಾಡ್ತಾನೆ."

"ಹೂಂ. ಅವನನ್ನ ಎಬ್ಬಿಸಿ ಕೂರಿಸಿದ್ರೆ ಆಯ್ತು."

ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಕರೆಂಟು ಉಳಿಸಲು ಈ ಭಾಗವನ್ನು ಬಂದ್ ಮಾಡಬಹುದು ಎಂಬ ಸಾಲಿನ ಮುಂದಿದ್ದ ಗುರುತನ್ನು ಎಲ್ವಿಯೊ ತೆಗೆದ. ಒಲಿಂಡಾ ಮತ್ತೆ ಬಾಯಿ ಮುಚ್ಚಿ ಕೂತಳು. ದೀಪ ಮತ್ತೆ ಆರಿತು. ಎಲ್ವಿಯೊ ಗೊಣಗಿದ. ಡ್ರೈವರನ್ನೇ ತೆಗೆದು ಹೊಸದಾಗಿ ಹಾಕಿದ. ಒಲಿಂಡಾ ಬಾಯಿ ಮುಚ್ಚಿದಳು. ದೀಪ ಆರಿತು. ತೆಗೆದಿದ್ದ ಗುರುತು ಕೂಡ ಯಾರೋ ಬಂದು ಹಾಕಿ ಹೋದ ಹಾಗೆ ವಾಪಸ್ಸು ಬಂದಿತ್ತು. ಅದನ್ನು ಮತ್ತೊಮ್ಮೆ ತೆಗೆದ. ಗ್ರಾಸಿಯೆಲಾ ಕರಿದ ತೋರ್ತಾ ರೊಟ್ಟಿಗಳ ತಟ್ಟೆ ಹಿಡಿದು ಒಳಗೆ ಬಂದಾಗ, ಒಬ್ಬ ನೆಲದ ಮೇಲೆ, ಒಬ್ಬಳು ಮೈಕಿನ ಮುಂದೆ, ಇಬ್ಬರೂ ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದರು.

"ಏನಾಯ್ತು?"

"ಶ್!" ಎಂದರು ಇಬ್ಬರೂ.

ಡ್ರೈವರಿನ ಒಳಗೇ ಇನ್ನೊಂದು ಪಟ್ಟಿಯಿತ್ತು. ಅದರಲ್ಲಿ ‘ಹಸಿರು ಈಥರ್ನೆಟ್’ ಎಂಬ ಸಾಲನ್ನು ಎಲ್ವಿಯೊ ಆಗಿನಿಂದ ಎರಡು ಮೂರು ಸಲ ದಾಟಿ ಹೋಗಿದ್ದ. ಹೆಸರೇ ಅಷ್ಟು ಸಾಧುವಾಗಿತ್ತು. ಹಸಿರಿನಿಂದ ಯಾರಿಗೆ ಕೇಡಾದೀತು? ಅದೂ ಕರೆಂಟು ಉಳಿಸುವ ಸಾಲೇ, ಅದರ ಕೆಳಗೆ ಅದೇ ಅರ್ಥದ ಇನ್ನೊಂದು. ಹೊರಗಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದ ಹಾಗಾಗಿತ್ತು. ಎರಡನ್ನೂ ಬಂದ್ ಮಾಡಿದ.

ಒಲಿಂಡಾ ಸುಮ್ಮನಾದಳು. ಗ್ರಾಸಿಯೆಲಾಳೂ ತಟ್ಟೆ ಹಿಡಿದು ಸುಮ್ಮನೆ ನಿಂತಳು. ಗಾಳಿ ತಗಡಿನ ಮಾಡನ್ನು ಬಡಿಯುತ್ತಿತ್ತು. ದೀಪ ಮಿನುಗುವುದು ನಿಂತಿತು, ಸ್ಥಿರವಾಯಿತು, ಹಾಗೇ ಉರಿಯಿತು. ಎಲ್ವಿಯೊನಿಗೆ ಮಂಡಿ ನೋಯತೊಡಗಿದರೂ ಅದು ಉರಿಯುತ್ತಲೇ ಇತ್ತು.

"ಹೇಳಿ," ಅಂದ.

ಒಲಿಂಡಾ ಹೇಳಿದಳು. ಪಕ್ಕದ ಕೋಣೆಯ ರೇಡಿಯೊದಿಂದ ಹೆಸರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಪೂರ್ತಿ ಬಂತು.

ಗ್ರಾಸಿಯೆಲಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಕಂಪ್ಯೂಟರ್ ತಂದೋಳು ನಾನು," ಅಂದಳು. "ತಪ್ಪನ್ನ ನಿಮ್ಮ ಹಲ್ಲಿನ ಮೇಲೆ ಹಾಕಿದೆ."

"ಹಲ್ಲೂ ಏನು ಸಾಚಾ ಅಲ್ಲ ಬಿಡು," ಅಂದಳು ಒಲಿಂಡಾ. "ಈ ತೋರ್ತಾ ಕಚ್ಚೋಕೆ ಆಗ್ತಿಲ್ಲ. ಇದನ್ನ ನೀನು ಕರಿದ್ಯೋ, ಬಡಗಿ ಮಾಡಿದ್ನೋ?"

ನಿಲಯದ ಕೋಣೆಯಲ್ಲಿ ಸರಿಹೋದದ್ದು ಬಯಲಿನಲ್ಲೂ ಸರಿಹೋಗಿರಬೇಕು ಎಂದೇನಿಲ್ಲ. ಒಂದು ಸಲ ಯಂತ್ರ ಸರಿಯಿದೆ ಎಂದು ಬಾಯಿ ಸುಟ್ಟುಕೊಂಡಿದ್ದ ಎಲ್ವಿಯೊ ಮಾರನೆಯ ದಿನ ನಸುಕಿನಲ್ಲೇ ಹೊರಟು ಎವಾರಿಸ್ತೊನ ಹಟ್ಟಿಗೆ ಹೋದ. ಎವಾರಿಸ್ತೊ ಏನು ಎತ್ತ ಎಂದು ಕೇಳಲಿಲ್ಲ. ಒಲೆಯ ಪಕ್ಕ ಜಾಗ ತೋರಿಸಿ ಮಾಟೆ ಹಾಕಿಕೊಟ್ಟ. ಕಪಾಟಿನ ಮೇಲೆ ರೇಡಿಯೊ, ಅದರ ಏರಿಯಲ್ಲಿಗೆ ಬೇಲಿತಂತಿಯ ತುಂಡು ಸುತ್ತಿತ್ತು. ಹೊರಗೆ ಗಾಳಿ, ಒಳಗೆ ಕುದಿಯುವ ಕೆಟಲು, ಬಾಗಿಲಲ್ಲಿ ಗುರುಗುಟ್ಟುವ ನಾಯಿ. ಇಷ್ಟು ಗದ್ದಲದಲ್ಲಿ ಏನು ಕೇಳಿಸೀತು ಅನ್ನಿಸಿತು ಎಲ್ವಿಯೊನಿಗೆ.

ಒಲಿಂಡಾ ಮೊದಲ ಸಂದೇಶ ಮುಗಿಸಿದಳು. ಸುಮ್ಮನಾದಳು.

ಆ ಮೌನ ಬಂದದ್ದೇ ತಡ, ಎವಾರಿಸ್ತೊ ಕೆಟಲನ್ನು ಒಲೆಯಿಂದ ಎತ್ತಿದ. ನಾಯಿಗೆ ಕಾಲಿನಿಂದ ಮೆಲ್ಲಗೆ ತಿವಿದ, ಅದು ಗುರುಗುಟ್ಟುವುದನ್ನು ನಿಲ್ಲಿಸಿತು. ಬಾಗಿಲನ್ನು ಭುಜದಿಂದ ಒತ್ತಿ ಹಿಡಿದ, ಗಾಳಿಯ ಸದ್ದು ಅರ್ಧಕ್ಕರ್ಧ ಇಳಿಯಿತು. ಆಮೇಲೆ ರೇಡಿಯೊದ ಕಡೆ ಕಿವಿ ವಾಲಿಸಿ ನಿಂತ. ಇದೆಲ್ಲ ಅವನು ಯೋಚಿಸಿ ಮಾಡಿದ್ದಲ್ಲ. ಸುತ್ತಲಿನ ಹಟ್ಟಿಗಳಲ್ಲೆಲ್ಲ ಈ ಹೊತ್ತಿಗೆ ಯಾರೋ ಕೆಟಲು ಎತ್ತುತ್ತಿರುತ್ತಾರೆ, ಯಾರೋ ಮಗುವಿನ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸುತ್ತಿರುತ್ತಾರೆ ಎಂದು ಎಲ್ವಿಯೊನಿಗೆ ಹೊಳೆಯಿತು.

"ಫೆರ್ಮಿನ್ ಕುಮಿಲಾಫ್," ಅಂದಿತು ರೇಡಿಯೊ, ಸ್ಪಷ್ಟವಾಗಿ. "ಮುಳ್ಳುಗುಡ್ಡದ ಹಟ್ಟಿ. ನಿಮ್ಮ ಹೆಂಡತಿ ಗಂಡುಮಗು ಹೆತ್ತಿದ್ದಾಳೆ. ಇಬ್ಬರೂ ಆರಾಮ. ಬರುವಾಗ ಉಣ್ಣೆಯ ಕಂಬಳಿ ತರಬೇಕಂತೆ, ಕಂದು ಬಣ್ಣದ್ದಲ್ಲ, ಇನ್ನೊಂದು."

ಎವಾರಿಸ್ತೊ ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟ. "ಫೆರ್ಮಿನ್ ಈಗ ಆ ಇನ್ನೊಂದು ಯಾವ್ದು ಅಂತ ಮನೆಯೆಲ್ಲ ಹುಡುಕ್ತಿರ್ತಾನೆ," ಅಂದ. ಇಬ್ಬರೂ ನಕ್ಕರು.

ಊರಿಗೆ ಮರಳಿ ಬಂದಾಗ ಒಲಿಂಡಾ ನಿಲಯದಲ್ಲೇ ಇದ್ದಳು, ಮಾಟೆ ಕುಡಿಯುತ್ತ. ಎಲ್ವಿಯೊ ಹಟ್ಟಿಯಲ್ಲಿ ಕಂಡದ್ದನ್ನೆಲ್ಲ ಹೇಳಿದ. ಇಷ್ಟು ಮಾತನ್ನು ಅವನ ಬಾಯಿಂದ ಅವಳು ಎಂದೂ ಕೇಳಿರಲಿಲ್ಲ. ಪೂರ್ತಿ ಕೇಳಿ, "ಬರೋ ಏಪ್ರಿಲ್‌ಗೆ ನಿಲ್ಲಿಸ್ತೀನಿ ಎಲ್ವಿಯೊ. ಗ್ರಾಸಿಯೆಲಾಗೂ ಹೇಳಿದೀನಿ," ಅಂದಳು.

"ಏನು ನಿಲ್ಲಿಸ್ತೀರಿ?"

"ಓದೋದನ್ನ."

ಎಲ್ವಿಯೊನಿಗೆ ಸಿಟ್ಟೇ ಬಂತು. "ಹಾಗಾದ್ರೆ ನಾನು ಗುಡ್ಡ ಹತ್ತಿ ಇಳಿದು, ತಲೆ ಒಡ್ಕೊಂಡು ಮಾಡಿದ್ದೆಲ್ಲ ಯಾಕೆ?"

"ಅದಕ್ಕೇ ಕಣೋ ದಡ್ಡ. ಹಲ್ಲು ಸರಿಯಿಲ್ಲ, ತಲೆ ಸರಿಯಿಲ್ಲ ಅಂತ ಕಳಿಸಿದ್ರೆ ಈ ಕುರ್ಚಿಗೆ ಅಂಟ್ಕೊಂಡು ಸಾಯ್ತಿದ್ದೆ, ನಾನು ಎದ್ದೇಳ್ತಿರಲಿಲ್ಲ. ಈಗ ನಾನಾಗೇ ಎದ್ದು ಹೋಗ್ಬಹುದು. ಗಂಟಲು ಬಳಲಿದೆ. ತಂಗಿ ಸಮುದ್ರದ ಹತ್ರ ಇದಾಳೆ, ಬಾ ಬಾ ಅಂತಾಳೆ." ಅವಳು ಮಾಟೆಯನ್ನು ತುಂಬಿ ಅವನ ಕೈಗಿತ್ತಳು. "ಹದಿನೈದು ದಿನ ನಾನು ಅಡುಗೆಮನೇಲಿ ನಿಂತು, ಗೊತ್ತಿರೋರ ಹೆಸರನ್ನೆಲ್ಲ ಒಂದೊಂದಾಗಿ ಹೇಳ್ಕೊಂಡಿದೀನಿ, ಯಾವ್ದು ಹೋಗಿದೆ ನೋಡೋಣ ಅಂತ. ಯಾರಿಗೂ ಹೇಳ್ಬೇಡ."

ಎಲ್ವಿಯೊ ಮಾಟೆ ಕುಡಿದು ಲೋಟವನ್ನು ಹಿಂದಿರುಗಿಸಿದ.

ಏಪ್ರಿಲ್‌ನಲ್ಲಿ ಅವಳು ಹೇಳಿದಂತೆಯೇ ನಿಲ್ಲಿಸಿದಳು. ಅವಳ ಜಾಗಕ್ಕೆ ಬಂದ ಟೀಚರಮ್ಮ ಮೊದಲ ವಾರ ಹೆದರಿಕೊಂಡು ಗಡಗಡನೆ ಓದಿ ಮುಗಿಸಿದಳು. ಹಟ್ಟಿಗಳಿಂದ ದೂರು ಬಂತು. ನಿಧಾನ ಎಂದು ಗ್ರಾಸಿಯೆಲಾ ಗಾಜಿನಾಚೆಯಿಂದ ಕೈ ತೋರಿಸುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಒಲಿಂಡಾಳಿಗೆ ಇದೊಂದೂ ಗೊತ್ತಾಗಲಿಲ್ಲ. ಸಮುದ್ರದ ದಡಕ್ಕೆ ಆ ರೇಡಿಯೊ ಹಿಡಿಯುವುದಿಲ್ಲ. ಅಲ್ಲಿ ಅವಳು ಬೆಳಗ್ಗೆ ತಡವಾಗಿ ಏಳುತ್ತಾಳೆ ಎಂದು ತಂಗಿ ಯಾರ ಹತ್ತಿರವೋ ಹೇಳಿಕಳಿಸಿದ್ದಳು.